ವಿದ್ಯಾಕ್ಷೇತ್ರ ಧಾರವಾಡ: ಕಲಿತವರು ಕಲಿಸಲು ಹೊರಟಾಗ

ಯಾತ್ರೆಯೆಂದ ಕೂಡಲೆ ನಮ್ಮ ಸದ್ಭಕ್ತರ ಮನಸ್ಸು ಕೂಡಲಸಂಗಮಕ್ಕೆ, ಬಸವಕಲ್ಯಾಣಕ್ಕೆ, ಉಳವಿಗೆ, ಶ್ರೀಶೈಲಕ್ಕೆ ಹರಿಯುತ್ತದೆ. ಅದು ಸಹಜವೂ ಹೌದು, ಯೋಗ್ಯವೂ ಹೌದು. ಆದರೆ ಅರಿವಿಗೆ ಗುರುವಿನ ಸ್ಥಾನವನ್ನಿತ್ತ ಪರಂಪರೆಯಲ್ಲಿ ಹುಟ್ಟಿದ ನಾವು ವಿದ್ಯೆಯ ನೆಲೆಗಳನ್ನೂ ಕ್ಷೇತ್ರಗಳೆಂದೇ ಭಾವಿಸಿ, ಅಲ್ಲಿ ನಾಲ್ಕು ದಿನ ಇದ್ದು, ನಡೆಯುವ ಕಾರ್ಯವನ್ನು ಕಣ್ಣಾರೆ ಕಾಣಬೇಕೆಂಬುದು ಬಹುದಿನದ ನಮ್ಮ ಅಭಿಪ್ರಾಯ. ಕಳೆದ ಕಾರ್ತಿಕ ಮಾಸದಲ್ಲಿ ಧಾರವಾಡದ ಭಕ್ತರೊಬ್ಬರ ಮನೆಯಲ್ಲಿ ಒಂದು ವಾರ ನಾವು ತಂಗಿದ್ದೆವು. ವಿಶ್ವವಿದ್ಯಾಲಯದಲ್ಲಿ ಕಲಾವಿಷಯಗಳನ್ನು ಓದಿದ ತರುಣ ತರುಣಿಯರು ಸುತ್ತಲಿನ ಶಾಲೆಗಳಿಗೆ ಹೋಗಿ ಪಾಠ ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದ ಕಾಲವದು. ಆ ನಿಮಿತ್ತವಾಗಿ ಕಂಡುದನ್ನೂ, ಕಂಡು ಚಿಂತಿಸಿದುದನ್ನೂ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಧಾರವಾಡ ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಅಂಚಿನಲ್ಲಿರುವ ಊರು. ಮೂಡಣಕ್ಕೆ ಎರೆಭೂಮಿಯಲ್ಲಿ ಜೋಳ, ಕಡಲೆ, ಹತ್ತಿ ಬೆಳೆದರೆ ಪಡುವಣಕ್ಕೆ ನಾಲ್ಕಾರು ಹರಿದಾರಿ ಸಾಗುವಷ್ಟರಲ್ಲಿ ಭತ್ತದ ಗದ್ದೆಗಳು ಕಾಣಿಸುತ್ತವೆ. ಈ ಊರಿಗೆ ದೊಡ್ಡ ಕಾರಖಾನೆಗಳಿಂದ ಕೀರ್ತಿ ಬರಲಿಲ್ಲ. ಶಾಲೆ ಕಾಲೇಜುಗಳಿಂದ ಬಂದಿತು. 1890ರಲ್ಲಿ ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ರೊದ್ದ ಶ್ರೀನಿವಾಸರಾಯರೂ ಅರಟಾಳ ರುದ್ರಗೌಡರೂ ಪಟ್ಟ ಪರಿಶ್ರಮದ ಫಲವಾಗಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ರೈಲ್ವೆ ಕಂಪನಿಯ ಕಚೇರಿಯಾಗಿದ್ದ ಕಲ್ಲುಕಟ್ಟಡವೇ ಅದಕ್ಕೆ ಆಶ್ರಯವಾಯಿತು. ಮುರುಘಾಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳು ಬೆಳೆಸಿದ ಉಚಿತ ಪ್ರಸಾದನಿಲಯವು ಹಳ್ಳಿಯ ಬಡ ಮಕ್ಕಳಿಗೆ ಅನ್ನವನ್ನೂ ನೆರಳನ್ನೂ ಕೊಟ್ಟು ಅಕ್ಷರದ ದಾರಿಗೆ ಹಚ್ಚಿತು. ಜೋಳಿಗೆ ಹಿಡಿದು ತಂದ ಧಾನ್ಯದಿಂದ ಪದವೀಧರರನ್ನು ಬೆಳೆಸಿದ ಮಠಗಳ ಇತಿಹಾಸವನ್ನು ನಮ್ಮ ಮನೆಗಳ ಹಿರಿಯರು ಬಲ್ಲರು.

ಊರಿನ ಪಶ್ಚಿಮಕ್ಕೆ, ಹಿಂದೆ ಛೋಟಾ ಮಹಾಬಳೇಶ್ವರವೆಂದು ಕರೆಯುತ್ತಿದ್ದ ಗುಡ್ಡದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯವಿದೆ. 1949ರಲ್ಲಿ ಸ್ಥಾಪನೆಗೊಂಡ ಈ ವಿದ್ಯಾಪೀಠವನ್ನು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಾ. ಡಿ.ಸಿ. ಪಾವಟೆಯವರು ಕಟ್ಟಿ ಬೆಳೆಸಿದರು. ಇಲ್ಲಿನ ಕನ್ನಡ ಅಧ್ಯಯನಪೀಠದಲ್ಲಿ ಡಾ. ಆರ್.ಸಿ. ಹಿರೇಮಠ, ಡಾ. ಎಂ.ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಶರಣ ಸಾಹಿತ್ಯದ ಸಂಪಾದನೆಗೆ ಬಾಳನ್ನು ಸವೆಸಿದರು. ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳು 1993ರಲ್ಲಿ ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳಾಗಿ ನಾಡಿನ ಕೈಸೇರಿದವು. ಗುಡ್ಡದ ಗ್ರಂಥಾಲಯದಲ್ಲಿ ಕುಳಿತಿದ್ದಾಗ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೂಡಿತು. ಹದಿನೈದು ಸಂಪುಟಗಳ ಈ ನಿಧಿ ಗುಡ್ಡದಿಂದ ಇಳಿದು, ಹಳ್ಳಿಯ ಶಾಲೆಯಲ್ಲಿ ಕುಳಿತ ಹನ್ನೆರಡು ವರ್ಷದ ಮಗುವಿನ ಬಳಿಗೆ ಹೋಗುವುದು ಹೇಗೆ? ಪುಸ್ತಕಕ್ಕೆ ಕಾಲಿಲ್ಲ. ಓದಿದವನೊಬ್ಬನು ಹೊತ್ತು ನಡೆದರೆ ಮಾತ್ರ ಅದು ಹೋಗುತ್ತದೆ.

ಗುಡ್ಡದಿಂದ ಕೆಳಗಿಳಿದು ಸಪ್ತಾಪುರದ ಓಣಿಗಳಲ್ಲಿ ನಡೆದರೆ ಬೇರೊಂದು ನೋಟ ಕಾಣುತ್ತದೆ. ಅಲ್ಲಿ ಸ್ಪರ್ಧಾ ಪರೀಕ್ಷೆಗಳ ತರಬೇತಿ ಕೇಂದ್ರಗಳ ಫಲಕಗಳು ಒಂದರ ಮೇಲೊಂದು ತೂಗುತ್ತಿವೆ. ಬಿ.ಎ., ಎಂ.ಎ. ಮುಗಿಸಿದ ಹುಡುಗರು ಹುಡುಗಿಯರು ಬಾಡಿಗೆಯ ಖೋಲಿಗಳಲ್ಲಿದ್ದು, ಬೆಳಗಿನಿಂದ ರಾತ್ರಿಯವರೆಗೆ ಓದುವ ಕೋಣೆಗಳಲ್ಲಿ ಕುಳಿತು, ಸರಕಾರಿ ನೇಮಕದ ಪ್ರಕಟಣೆಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಅವರ ಶ್ರಮವನ್ನು ಹಗುರಾಗಿ ಕಾಣುವವರು ನಾವಲ್ಲ. ಹೊಲ ಮಾರಿ ಓದಿಸಿದ ತಂದೆ ತಾಯಿಗಳ ಚಿಂತೆ ಅವರ ಬೆನ್ನ ಮೇಲಿದೆ. ಆದರೆ ಇಲ್ಲಿಂದ ಬಸ್ಸು ಹತ್ತಿ ಅರ್ಧ ಗಂಟೆ ಹೋದರೆ, ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬಿಕೊಂಡು ಹೇಗೋ ನಡೆಯುತ್ತಿರುವ ಶಾಲೆಗಳು ಸಿಗುತ್ತವೆ. ಇತ್ತ ವಿದ್ಯೆಯುಳ್ಳವರು ಕಾಯುತ್ತಿದ್ದಾರೆ; ಅತ್ತ ಮಕ್ಕಳು ಕಾಯುತ್ತಿದ್ದಾರೆ. ಈ ಎರಡರ ನಡುವೆ, ಕೆಲವು ವಾರಗಳ ಮಟ್ಟಿಗಾದರೂ ಒಂದು ಸೇತುವೆಯಾಗಿರುವುದು ಶಿಕ್ಷಕ ತರಬೇತಿಯ ಶಾಲಾನುಭವ.

ಈ ಊರಿಗೆ ಅದು ಹೊಸದಲ್ಲ. ಶೇಕ್ಸ್‌ಪಿಯರನ ನಾಟಕವೊಂದನ್ನು 1871ರಲ್ಲಿ ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದ ಡೆಪ್ಯೂಟಿ ಚೆನ್ನಬಸಪ್ಪನವರು ಮುಂಬಯಿ ಸರಕಾರದ ಶಿಕ್ಷಣಾಧಿಕಾರಿಗಳಾಗಿದ್ದವರು. ಮರಾಠಿ ಮೇಲುಗೈಯಾಗಿದ್ದ ಆ ದಿನಗಳಲ್ಲಿ ಊರೂರು ಸುತ್ತಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದರು. ಕನ್ನಡ ಶಾಲೆಗೆ ಬೇಕಾದ ಮಾಸ್ತರರನ್ನು ತಯಾರಿಸುವ ಕೆಲಸಕ್ಕೂ ಹೆಗಲು ಕೊಟ್ಟರು. ಶಾಲೆ ತೆರೆದರೆ ಸಾಲದು, ಕಲಿಸಬಲ್ಲವರು ಬೇಕೆಂಬುದನ್ನು ಆ ಮಹನೀಯರು ಅರಿತಿದ್ದರು. ಮುಂದೆ ಇದೇ ಊರಿನ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ದ.ರಾ. ಬೇಂದ್ರೆಯವರು ಮಾಸ್ತರರಾಗಿದ್ದರು, ಶಂ.ಬಾ. ಜೋಶಿಯವರೂ ಅಲ್ಲಿಯೇ ಪಾಠ ಹೇಳಿದರು. ನಾಡು ಕೊಂಡಾಡಿದ ಕವಿಯೂ ಸಂಶೋಧಕರೂ ಕೈಗೆ ಸೀಮೆಸುಣ್ಣ ಹತ್ತಿಸಿಕೊಂಡವರೇ.

ಆದರೆ ಕಾಲಕ್ರಮದಲ್ಲಿ ವಿಶ್ವವಿದ್ಯಾಲಯಕ್ಕೂ ಶಾಲೆಗೂ ನಡುವೆ ಅಂತರ ಬೆಳೆಯಿತು. 1964ರಿಂದ 1966ರವರೆಗೆ ಕಾರ್ಯ ನಡೆಸಿದ ಕೊಠಾರಿ ಆಯೋಗವು, ಶಿಕ್ಷಕರನ್ನು ತರಬೇತುಗೊಳಿಸುವ ಸಂಸ್ಥೆಗಳು ಅತ್ತ ವಿಶ್ವವಿದ್ಯಾಲಯದ ಜೀವನದಿಂದಲೂ ಇತ್ತ ಶಾಲೆಗಳ ದಿನನಿತ್ಯದಿಂದಲೂ ದೂರವಾಗಿ ಉಳಿದಿವೆಯೆಂದು ಎತ್ತಿ ತೋರಿಸಿತು. ಆ ಬಳಿಕ ಅರ್ಧ ಶತಮಾನವೇ ಕಳೆಯಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಬಿ.ಎಡ್. ಶಿಕ್ಷಣವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಅದರಲ್ಲಿ ಇಪ್ಪತ್ತು ವಾರಗಳನ್ನು ಶಾಲೆಗಳಲ್ಲಿ ಕಳೆಯಬೇಕೆಂದು ವಿಧಿಸಿತು: ಮೊದಲ ವರ್ಷ ನಾಲ್ಕು ವಾರ, ಎರಡನೆಯ ವರ್ಷ ಹದಿನಾರು ವಾರ. ಹಿಂದೆ ಕೆಲವು ಪಾಠಗಳನ್ನು ಒಪ್ಪಿಸಿ ಹೊರಟುಬಿಡುತ್ತಿದ್ದ ಪ್ರಶಿಕ್ಷಣಾರ್ಥಿಗಳು ಈಗ ಒಂದು ಶಾಲೆಯ ಮಳೆ ಬಿಸಿಲು, ಹಬ್ಬ ಹರಿದಿನ, ಪರೀಕ್ಷೆ ಫಲಿತಾಂಶಗಳನ್ನು ಒಳಗಿನವರಾಗಿ ನೋಡುವಂತಾಯಿತು. ನಿಯಮ ಒಳ್ಳೆಯದು. ಅದು ನಡೆಯುವ ಬಗೆಯನ್ನು ನೋಡಲು ನಾವು ಹಳ್ಳಿಗೆ ಹೊರಟೆವು.

ನಾವು ಹೋದ ಊರು ಧಾರವಾಡದಿಂದ ಪಡುವಣಕ್ಕಿದೆ. ಭತ್ತದ ಕೊಯ್ಲು ನಡೆದಿತ್ತು. ಹಾದಿಯ ಎರಡೂ ಬದಿಗೆ ಕೊಯ್ದ ಸಿವುಡುಗಳು ಬಿದ್ದಿದ್ದವು. ಬಸ್ಸಿನಲ್ಲಿ ಕುಡುಗೋಲು ಹಿಡಿದ ಹೆಣ್ಣುಮಕ್ಕಳೇ ಹೆಚ್ಚು. ಶಾಲೆ ಊರ ಹೊರಗಿನ ಬಸವಣ್ಣನ ಗುಡಿಯ ಪಕ್ಕದಲ್ಲಿ; ಕೆಂಪು ಹೆಂಚಿನ ನಾಲ್ಕು ಕೋಣೆಗಳು, ಹಿಂದೆ ಬಿಸಿಯೂಟದ ಅಡುಗೆಮನೆ, ಮುಂದೆ ಒಂದು ಬೇವಿನ ಮರ. ನಾಲ್ವರು ಪ್ರಶಿಕ್ಷಣಾರ್ಥಿಗಳು ಅಲ್ಲಿದ್ದರು. ಅವರಲ್ಲಿ ಬೈಲಹೊಂಗಲದ ಕಡೆಯ ರೈತರ ಮಗಳೊಬ್ಬಳು ಕನ್ನಡ ಮತ್ತು ಇತಿಹಾಸ ಓದಿದವಳು. ಅಂದು ಏಳನೆಯ ತರಗತಿಗೆ ಆಕೆ ಹನ್ನೆರಡನೆಯ ಶತಮಾನದ ಶರಣರ ಕುರಿತು ಪಾಠ ಹೇಳುವವಳಿದ್ದಳು. ಮುಖ್ಯಾಧ್ಯಾಪಕರ ಅಪ್ಪಣೆ ಪಡೆದು ನಾವು ಹಿಂದಿನ ಸಾಲಿನಲ್ಲಿ ಕುಳಿತೆವು.

ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಅನುಭವ ಮಂಟಪದ ಚಿತ್ರಪಟವನ್ನು ತಾನೇ ಬರೆದು ತಂದಿದ್ದಳು. ಶೂನ್ಯಸಿಂಹಾಸನದ ಮೇಲೆ ಅಲ್ಲಮಪ್ರಭುಗಳು, ಸುತ್ತ ಬಸವಣ್ಣನವರು, ಅಕ್ಕಮಹಾದೇವಿ, ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು. ಆಕೆಯ ಮಾತು ಶುದ್ಧವಾದ ಗ್ರಾಂಥಿಕ ಕನ್ನಡ. ‘ಸಾಮಾಜಿಕ ಸಮಾನತೆ’, ‘ವೈಚಾರಿಕ ಕ್ರಾಂತಿ’ ಎಂಬ ಪದಗಳು ತಡೆಯಿಲ್ಲದೆ ಹರಿದವು. ಮಕ್ಕಳು ಸುಮ್ಮನೆ ಕುಳಿತಿದ್ದರು. ಇಪ್ಪತ್ತು ನಿಮಿಷ ಕಳೆದಿರಬೇಕು, ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಅಕ್ಕಾರ, ಅಗಸರು, ಅಂಬಿಗರು, ಹಗ್ಗ ಹೊಸಿಯೋರು ಎಲ್ಲಾರೂ ಅಲ್ಲಿ ಬಂದು ಮಾತಾಡ್ಕೋತ ಕುಂತ್ರ, ಅವತ್ತಿನ ಕೆಲಸ ಯಾರ್ ಮಾಡ್ತಿದ್ರ್ರೀ?”

ತರಗತಿ ನಕ್ಕಿತು. ಹುಡುಗಿ ನಗಲಿಲ್ಲ, ಆಕೆ ಹಿಂದಿನ ಎರಡು ದಿನ ಕೊಯ್ಲಿಗೆ ಹೋಗಿ ಶಾಲೆ ತಪ್ಪಿಸಿದವಳೆಂದು ನಮಗೆ ಆಮೇಲೆ ತಿಳಿಯಿತು. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತನ್ನ ಯೋಜನೆಯ ಹಾಳೆಯನ್ನು ನೋಡಿದಳು. ಅದರಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. “ಛಲೋ ಕೇಳಿದಿ. ನಾನು ವಿಚಾರ ಮಾಡಿ ನಾಳೆ ಹೇಳ್ತೀನಿ” ಎಂದಳು. ಗದರಿಸಿ ಕೂಡಿಸದೆ, ಇಲ್ಲದ ಉತ್ತರವನ್ನು ಕಟ್ಟದೆ ಆಡಿದ ಆ ಮಾತು ನಮಗೆ ಬಹಳ ಹಿಡಿಸಿತು.

ಮರುದಿನ ನಾವು ಮತ್ತೆ ಹೋದೆವು. ಆಕೆ ಚಿತ್ರಪಟವನ್ನು ತೂಗುಹಾಕಿರಲಿಲ್ಲ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಲ್ಲಿ ದಾಸೋಹ ನಡೆಸಿದ್ದನ್ನೂ, ಕೊರಳಿನ ಲಿಂಗವು ನೀರಿಗೆ ಜಾರಿದಾಗಲೂ ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಪ್ರತೀತಿಯನ್ನೂ ತನ್ನೂರಿನ ಆಡುಮಾತಿನಲ್ಲಿ ಹೇಳಿದಳು. ಕೆಲಸ ಬಿಟ್ಟು ಬಂದವರ ಸಭೆ ಅದಲ್ಲ, ಕೆಲಸ ಮಾಡಿದವರ ಸಭೆ ಎಂದಳು. ಬಳಿಕ ಒಬ್ಬೊಬ್ಬರನ್ನಾಗಿ ಎಬ್ಬಿಸಿ, ನಿಮ್ಮ ಮನೆಯಲ್ಲಿ ಯಾರ ಕಾಯಕವೇನೆಂದು ಕೇಳಿ ಹಲಗೆಯ ಮೇಲೆ ಬರೆಯುತ್ತ ಹೋದಳು. ನೇಗಿಲು ಹೊಡೆಯುವವರು, ಹೈನ ಮಾಡುವವರು, ಕೌದಿ ಹೊಲಿಯುವವರು, ಟ್ರ್ಯಾಕ್ಟರ್ ನಡೆಸುವವರು, ಹುಬ್ಬಳ್ಳಿಗೆ ಗೌಂಡಿ ಕೆಲಸಕ್ಕೆ ಹೋಗುವವರು. ಹಲಗೆ ತುಂಬಿತು. ಎಲ್ಲಕ್ಕಿಂತ ಮೇಲೆ, ಪ್ರಶ್ನೆ ಕೇಳಿದ ಹುಡುಗಿಯ ಹೆಸರಿನ ಮುಂದೆ ‘ಭತ್ತ ಕೊಯ್ಯುವುದು’ ಎಂದು ಬರೆದಳು. ನಿನ್ನೆ ಸುಮ್ಮನೆ ಕುಳಿತಿದ್ದ ಮಕ್ಕಳನ್ನು ಅಂದು ಸುಮ್ಮನಿರಿಸುವುದೇ ಕಷ್ಟವಾಯಿತು.

ಸಂಜೆ ಬೇವಿನ ಮರದ ಕೆಳಗೆ ಆ ತರುಣಿಯೊಡನೆ ಮಾತನಾಡಿದೆವು. “ಅಜ್ಜಾರ, ನಾನು ಮೂರು ವರ್ಷ ಶರಣರ ಬಗ್ಗೆ ಓದೀನ್ರೀ, ಪರೀಕ್ಷಾದಾಗ ಹತ್ತತ್ತು ಪುಟ ಬರದೀನ್ರೀ. ಈ ಪ್ರಶ್ನಾ ನನ್ನ ತಲಿಗೆ ಒಮ್ಮೆನೂ ಬಂದಿರಲಿಲ್ಲ” ಎಂದಳು. ಇದರಲ್ಲಿ ಸಂಕೋಚಪಡತಕ್ಕದ್ದೇನೂ ಇಲ್ಲವೆಂದು ನಾವು ತಿಳಿಸಿದೆವು. ಕಲಾವಿಷಯಗಳ ವಿದ್ಯಾರ್ಥಿಗೆ ಶಾಲೆಯಿಂದ ದೊರೆಯುವ ಲಾಭ ಇದೇ. ಪರೀಕ್ಷೆಗಾಗಿ ಓದಿದಾಗ ಪದಗಳು ಸಿಗುತ್ತವೆ. ಮಗುವಿಗಾಗಿ ಓದಿದಾಗ ಆ ಪದಗಳ ಹಿಂದಿನ ಬದುಕು ಸಿಗುತ್ತದೆ. ಮಠದ ಪಾಠಶಾಲೆಯಲ್ಲಿ ನಮ್ಮ ಗುರುಗಳು ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಪಾಠ ಹೇಳಿಸುತ್ತಿದ್ದುದರ ಮರ್ಮವೂ ಇದೇ ಆಗಿತ್ತು.

ಆದರೆ ಈ ಲಾಭಕ್ಕೆ ಬೆಲೆ ತೆರುವವರು ಯಾರು? ಮುಖ್ಯಾಧ್ಯಾಪಕರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರತಿವರ್ಷ ಹೊಸಬರು ಬರುತ್ತಾರೆ. ಕೆಲವರು ಮನಃಪೂರ್ವಕವಾಗಿ ದುಡಿಯುತ್ತಾರೆ. ಕೆಲವರು ಸಹಿ ಹಾಕಿ, ಭಾವಚಿತ್ರ ತೆಗೆಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಸಪ್ತಾಪುರಕ್ಕೆ ಮರಳುತ್ತಾರೆ. ಹಾಜರಾಗದೆಯೇ ಪ್ರಮಾಣಪತ್ರ ಬೇಡುವವರೂ ಉಂಟು. ಅವರು ಅನುಭವ ಗಳಿಸುವ ತಿಂಗಳುಗಳಲ್ಲಿ ಪಾಠ ಕೆಟ್ಟರೆ, ಆ ಪಾಠ ಮಕ್ಕಳಿಗೆ ಮತ್ತೆ ಬರುವುದಿಲ್ಲ. ಏಳನೆಯ ತರಗತಿಯ ಮಗುವಿಗೆ ಏಳನೆಯ ತರಗತಿ ಒಂದೇ ಸಲ. ಪ್ರಶಿಕ್ಷಣಾರ್ಥಿ ತರಗತಿಗೆ ಹೊಕ್ಕೊಡನೆ ಖಾಯಂ ಶಿಕ್ಷಕರು ಕಾಗದಪತ್ರಗಳ ಕೆಲಸಕ್ಕೆ ಹೊರಗೆ ಹೋಗಿಬಿಟ್ಟರೆ ನಷ್ಟ ಇಮ್ಮಡಿಯಾಗುತ್ತದೆ. ಆದುದರಿಂದ ಈ ಶಾಲೆಯಲ್ಲಿ ಅವರೊಂದು ಕಟ್ಟಳೆ ಮಾಡಿದ್ದರು: ಹೊಸಬರು ಪಾಠ ಹೇಳುವಾಗ ತರಗತಿಯ ಶಿಕ್ಷಕರು ಕೋಣೆಯಲ್ಲಿಯೇ ಇರಬೇಕು, ಮಕ್ಕಳಿಗೆ ತಿಳಿಯದೆ ಉಳಿದುದನ್ನು ಅಂದೇ ಸಂಜೆ ಇಬ್ಬರೂ ಕೂಡಿ ಗುರುತಿಸಬೇಕು.

ಅದೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು; ಓದು ಬಾರದು. ಬಿಡಿ ಅಕ್ಷರ ಬಲ್ಲವನಾದರೂ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದ. ಏಳು ವರ್ಷ ಅದನ್ನು ಜಾಣತನದಿಂದ ಮರೆಮಾಡಿ, ಪಕ್ಕದವನು ಓದಿದ್ದನ್ನು ಕೇಳಿ ಬಾಯಿಪಾಠ ಒಪ್ಪಿಸುತ್ತ ಬಂದಿದ್ದ. ಬೈಲಹೊಂಗಲದ ತರುಣಿ ಎರಡನೆಯ ವಾರದಲ್ಲಿಯೇ ಇದನ್ನು ಕಂಡುಹಿಡಿದಳು. ಎಲ್ಲರೆದುರು ಹೇಳದೆ, ಪ್ರತಿದಿನ ಬಿಸಿಯೂಟದ ನಂತರ ಕಾಲು ಗಂಟೆ ಅವನನ್ನು ಜೊತೆಗೆ ಕೂಡಿಸಿಕೊಂಡಳು. ಪುಸ್ತಕದಿಂದ ತೊಡಗಲಿಲ್ಲ. ಗೊಬ್ಬರದ ಚೀಲದ ಮೇಲಿನ ಅಕ್ಷರ, ಬಸ್ಸಿನ ಹಲಗೆ, ಗುಡಿಯ ಗೋಡೆಯ ಮೇಲಿನ ದಾನಿಗಳ ಹೆಸರು, ಇವೇ ಅವನ ಪಾಠಗಳಾದವು. ನಾವು ಇದ್ದಾಗ ಅವನು ‘ಅಳ್ನಾವರ’ ಎಂಬುದನ್ನು ಎರಡು ಸಲ ತಡವರಿಸಿ ಓದಿದ. ಆಕೆ ತಿದ್ದಲಿಲ್ಲ, ಕಾದಳು. ಮೂರನೆಯ ಸಲ ಅವನೇ ಸರಿಯಾಗಿ ಓದಿದ.

ಇದನ್ನು ನೋಡುತ್ತ ನಮಗೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಾಯಿತು. ಪತಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ನಮಗೆ ಬೇಕಾದುದಕ್ಕಿಂತ ಅಧಿಕವಾದುದು ನಮ್ಮದಲ್ಲವೆಂದು ಆ ತಾಯಿ ಅದನ್ನು ಹಿಂದಕ್ಕೆ ಕಳುಹಿದಳು. ಶಾಲೆಗೆ ಹೋಗಿ ಅನುಭವ ಆಯ್ದುಕೊಂಡು ಬರುವವರೂ ಈ ಲೆಕ್ಕವನ್ನು ಮಾಡಿಕೊಳ್ಳಬೇಕು. ಪದವಿಗೆ ಬೇಕಾದ ಅಂಕಗಳನ್ನೂ, ಮುಂದಿನ ಉದ್ಯೋಗಕ್ಕೆ ಬೇಕಾದ ಕೌಶಲವನ್ನೂ ಅವರು ಮಕ್ಕಳ ಸಮಯದಿಂದ ಪಡೆಯುತ್ತಾರೆ. ಕೊಡುವ ಮಕ್ಕಳಿಗೆ ಬೇಡವೆನ್ನುವ ಅಧಿಕಾರವಿಲ್ಲ. ಹಾಗಿರುವಾಗ ಪಡೆದುದಕ್ಕೆ ಪ್ರತಿಯಾಗಿ ಏನನ್ನಾದರೂ ಅಲ್ಲಿ ಬಿಟ್ಟು ಬರುವುದು ಧರ್ಮ. ಇದನ್ನು ಸೇವೆಯೆಂದು ಹೇಳಿಕೊಳ್ಳುವುದಕ್ಕಿಂತ ಸಾಲ ತೀರಿಸುವುದೆಂದು ತಿಳಿಯುವುದು ಮೇಲು.

ಪುಷ್ಯಮಾಸದಲ್ಲಿ, ಸಂಕ್ರಾಂತಿಗೆ ಮೊದಲು ನಾವು ಇನ್ನೊಮ್ಮೆ ಆ ಊರಿಗೆ ಹೋದೆವು. ಗದ್ದೆಗಳು ಬರಿದಾಗಿದ್ದವು, ಬಣವೆಗಳು ಎದ್ದಿದ್ದವು. ಪ್ರಶಿಕ್ಷಣಾರ್ಥಿಗಳ ಅವಧಿಗೆ ಅಂದು ಕಡೆಯ ದಿನ. ಮಕ್ಕಳು ಎಳ್ಳು ಬೆಲ್ಲ ತಂದಿದ್ದರು, ಕೆಲವರು ಅಳುತ್ತಿದ್ದರು. ಓದು ಬಾರದ ಹುಡುಗ ದೂರ ನಿಂತಿದ್ದ. ಅವನೀಗ ನಿಧಾನವಾಗಿಯಾದರೂ ಪುಟವೊಂದನ್ನು ಓದಬಲ್ಲ. ಆದರೆ ದಿನದ ಆ ಕಾಲು ಗಂಟೆ ನಾಳೆಯಿಂದ ಇರದೆಂಬುದನ್ನು ಅವನು ತಿಳಿದಿದ್ದ. “ಇನ್ನ ಯಾರ್ ಕೇಳ್ತಾರ್ರೀ ನನ್ನ ಓದು?” ಎಂದು ಕೇಳಿದನಂತೆ.

ಆ ತರುಣಿ ಅದಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ನಲವತ್ತು ಪುಟದ ಒಂದು ನೋಟುಬುಕ್ಕಿನಲ್ಲಿ, ಯಾವ ದಿನ ಯಾವ ಅಕ್ಷರ ಕಲಿತ, ಎಲ್ಲಿ ತಡೆದ, ಯಾವ ಬಗೆಯಿಂದ ಹೇಳಿದರೆ ತಿಳಿಯಿತು, ಇನ್ನು ಏನು ಉಳಿದಿದೆ ಎಂಬುದನ್ನೆಲ್ಲ ಬರೆದಿಟ್ಟಿದ್ದಳು. ಅವನೊಬ್ಬನದಲ್ಲ, ತರಗತಿಯ ಇನ್ನೂ ಐವರ ವಿವರ ಅದರಲ್ಲಿತ್ತು. ಅದನ್ನು ತರಗತಿಯ ಶಿಕ್ಷಕಿಯ ಕೈಗಿತ್ತು, ಹುಡುಗನನ್ನು ಕರೆದು, “ಇವತ್ತಿನಿಂದ ಈ ಬಾಯಾರು ಕೇಳ್ತಾರ” ಎಂದು ಒಪ್ಪಿಸಿದಳು. ಶಿಕ್ಷಕಿ ಅವನ ಹೆಗಲ ಮೇಲೆ ಕೈಯಿಟ್ಟರು. ಮುಖ್ಯಾಧ್ಯಾಪಕರು ಆ ಪುಸ್ತಕವನ್ನು ಬಹಳ ಹೊತ್ತು ತಿರುವಿ ನೋಡಿ, “ಇಷ್ಟು ವರ್ಷದಾಗ ಬಂದವರೆಲ್ಲ ನಮ್ಮಿಂದ ಸರ್ಟಿಫಿಕೇಟ್ ಒಯ್ದಾರ್ರೀ ಅಜ್ಜಾರ. ನಮಗ ಬರದು ಕೊಟ್ಟು ಹೋದಾಕಿ ಇಕಿ ಒಬ್ಬಾಕಿ” ಎಂದರು. ಮುಂದಿನ ವರ್ಷದಿಂದ ಬರುವ ಪ್ರತಿಯೊಬ್ಬರಿಂದಲೂ ಇಂಥದೊಂದು ಪುಸ್ತಕವನ್ನು ಕೇಳುವುದಾಗಿ ನಿಶ್ಚಯಿಸಿದರು.

ವಿದ್ಯೆ ಪಡೆದು ಶಾಲೆಗೆ ಮರಳಿದವರಿಂದಲೇ ನಮ್ಮ ಸಮಾಜ ಮೇಲೆದ್ದಿತೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ತರುಣರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಒಂದು ಶಾಲೆಯ ರೂಪದಲ್ಲಿ ಆರಂಭಿಸಿದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಎಚ್.ಎಫ್. ಕಟ್ಟೀಮನಿ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ, ಪಿ.ಆರ್. ಚಿಕ್ಕೋಡಿ, ವಿ.ವಿ. ಪಾಟೀಲ ಎಂಬ ಈ ಮಹನೀಯರನ್ನು ನಾಡು ಸಪ್ತರ್ಷಿಗಳೆಂದು ಗೌರವಿಸುತ್ತದೆ. ಅಂದಿನ ಪದವೀಧರರಿಗೆ ಸರಕಾರದ ದೊಡ್ಡ ಹುದ್ದೆಗಳ ಬಾಗಿಲು ತೆರೆದಿತ್ತು. ಅವರು ಮಾಸ್ತರಿಕೆಯನ್ನು ಆರಿಸಿಕೊಂಡರು. ಸಮಾಜದ ನಿಧಿಗಳಿಂದ ಬಂದ ಸಹಾಯದ ಬಲದಲ್ಲಿ ಆ ತಲೆಮಾರು ಓದಿತ್ತು. ಆ ಸಾಲವನ್ನು ಮುಂದಿನ ಮಕ್ಕಳಿಗೆ ತೀರಿಸಬೇಕೆಂದು ಅವರು ಬಗೆದರು. ಬಸವನಾಳರು ಬಸವಣ್ಣನವರ ವಚನಗಳನ್ನು ಸಂಪಾದಿಸಿದ ವಿದ್ವಾಂಸರೂ ಹೌದು. ಪಾಂಡಿತ್ಯಕ್ಕೂ ಮಾಸ್ತರಿಕೆಗೂ ವಿರೋಧವಿದೆಯೆಂದು ಅವರಾರಿಗೂ ಅನಿಸಲಿಲ್ಲ.

ನಮ್ಮ ಮನೆಗಳಲ್ಲಿ ಇಂದು ಮಗ ಇಂಜಿನಿಯರನಾದರೆ ಹೇಳಿಕೊಳ್ಳುತ್ತೇವೆ, ಮಗಳು ಬಿ.ಎ. ಓದಿ ಶಾಲೆಗೆ ಹೋಗುತ್ತೇನೆಂದರೆ ದನಿ ತಗ್ಗಿಸುತ್ತೇವೆ. ಈ ಭಾವನೆಯನ್ನು ಸದ್ಭಕ್ತರು ಬಿಡಬೇಕೆಂದು ನಮ್ಮ ವಿನಂತಿ. ಮನೆಯ ಮಕ್ಕಳು ತರಬೇತಿಗೆಂದು ಶಾಲೆಗೆ ಹೊರಟಾಗ, ಹಾಜರಿಯಿಲ್ಲದೆ ಪ್ರಮಾಣಪತ್ರ ತರುವ ಅಡ್ಡದಾರಿಯನ್ನು ತಂದೆ ತಾಯಿಗಳು ತಾವಾಗಿಯೇ ಹುಡುಕಿಕೊಡಬಾರದು. ಹಳ್ಳಿಯಲ್ಲಿ ಮನೆಯುಳ್ಳವರು, ದೂರದಿಂದ ಬಂದ ಪ್ರಶಿಕ್ಷಣಾರ್ಥಿಗೆ ಒಂದು ಖೋಲಿ, ಎರಡು ಹೊತ್ತಿನ ರೊಟ್ಟಿ ಕೊಟ್ಟರೆ ಅದು ಮಠಕ್ಕೆ ಸಲ್ಲಿಸಿದ ಕಾಣಿಕೆಗಿಂತ ಕಡಿಮೆಯದಲ್ಲ. ಮಠಮಾನ್ಯಗಳ ಶಾಲೆಗಳೂ ಇವರಿಗೆ ಬಾಗಿಲು ತೆರೆದು, ಹೊರಡುವಾಗ ಅವರಿಂದ ಮಕ್ಕಳ ವಿವರದ ಪುಸ್ತಕವನ್ನು ಬರೆಯಿಸಿಕೊಳ್ಳಲಿ. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ, ಹಣವೂ ಬೇಕಿಲ್ಲ. ನಲವತ್ತು ಪುಟದ ನೋಟುಬುಕ್ಕು ಸಾಕು.

ಉಳವಿಯ ಜಾತ್ರೆಗೆ ಧಾರವಾಡದ ಮಾರ್ಗವಾಗಿ ಹೋಗುವ ಭಕ್ತರು ಬಹಳ. ಹಾಗೆ ಹೋಗುವಾಗ ದಾರಿಯ ಬದಿಯ ಯಾವುದಾದರೂ ಕನ್ನಡ ಶಾಲೆಯ ಮುಂದೆ ಒಂದು ಗಳಿಗೆ ನಿಂತು, ಒಳಗೆ ಹೋಗಿ, ಒಂದು ಮಗುವಿನ ಓದನ್ನು ಕೇಳಿ ಮುಂದೆ ಸಾಗಬೇಕೆಂದು ನಾವು ಅವರನ್ನು ಬೇಡಿಕೊಳ್ಳುತ್ತೇವೆ.